ಹೆಸರು ಹೇಳಬಾರದ ಸೊಪ್ಪು

“ಎಲೆ ಬೇಕಾದ್ರೆ ತಗಂಡೋಗು. ಹೆಸ್ರು ಮಾತ್ರ ಕೇಳ್ಬೇಡ!” ಎಂದಳು ರೇವಮ್ಮಜ್ಜಿ.

“ಹೆಸ್ರು ಬರೀದಿದ್ರೆ ಸೈನ್ಸ್ ಮೇಳದಲ್ಲಿ ಪ್ರೈಜ್ ಕೊಡಲ್ಲ ಅಜ್ಜೀ! ಫಸ್ಟ್ ನಂದೇ ಅಂತ ಕ್ಲಾಸಿಗೆಲ್ಲ ಹೇಳ್ಬುಟ್ಟಿದೀನಿ,” ಎಂದು ಸ್ಪಂದನಾ ಕಾಲು ಕುಟ್ಟಿದಳು.

“ಹೆಸ್ರು ಬಾಯಿಗೆ ಬಂದ್ರೆ ಮದ್ದು ಕೆಲ್ಸ ಮಾಡಕ್ಕಿಲ್ಲ ಕಣವ್ವ. ನಮ್ಮತ್ತೇನೂ ನಂಗೆ ಗಿಡ ತೋರ್ಸಿದ್ರು ಅಷ್ಟೆ.”

ಬೈರಾಪಟ್ಟಣದಲ್ಲಿ ಯಾರ ಕೈಕಾಲು ಉಳುಕಿದರೂ ಬರುವುದು ರೇವಮ್ಮಜ್ಜಿಯ ಜಗಲಿಗೇ. ಅಜ್ಜಿ ಒಳಮನೆಯ ಬಾಗಿಲು ಹಾಕಿಕೊಂಡು ಸೊಪ್ಪು ಜಜ್ಜಿ, ಹರಳೆಣ್ಣೆಯಲ್ಲಿ ಬಾಡಿಸಿ ತಂದು ಕಟ್ಟುತ್ತಾಳೆ. ಅದು ಅಷ್ಟು ದೊಡ್ಡ ಗುಟ್ಟು.

ಗಿಡವೇನೋ ಸ್ಪಂದನಾಳಿಗೆ ಗೊತ್ತು. ಹೊಲದ ಬದುವಿನ ಮೇಲಿದೆ. ಒಂದು ತೊಟ್ಟಿಗೆ ಐದು ಎಲೆ, ಅಡಿಯಲ್ಲಿ ಬೂದಿ ಬಣ್ಣ, ಉಜ್ಜಿದರೆ ಘಾಟು. ಹೆಸರೊಂದು ಸಿಕ್ಕಿಬಿಟ್ಟರೆ ಪ್ರೈಜ್ ಅವಳದೇ.

ಅಷ್ಟರಲ್ಲಿ ಆಫ್ತಾಬ್ ಬಂದ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವನು. ದಿನವಿಡೀ ಉಳಿ ಹಿಡಿದು ಅವನ ಮಣಿಕಟ್ಟು ಊದಿಕೊಂಡಿತ್ತು. ಅಜ್ಜಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಸ್ಪಂದನಾ ಅವನ ಹತ್ತಿರ ಹೋಗಿ ಎಲೆ ತೋರಿಸಿದಳು.

“ಆಫ್ತಾಬಣ್ಣ, ಇದರ ಹೆಸ್ರು ಗೊತ್ತಾ?”

ಆಫ್ತಾಬ್ ಒಳಮನೆಯ ಕಡೆ ನೋಡಿ ದನಿ ತಗ್ಗಿಸಿದ. “ಲಕ್ಕಿ ಸೊಪ್ಪಲ್ವಾ? ನಮ್ಮನೆ ಬೇಲಿ ತುಂಬ ಅದೇ ಐತೆ. ಊರಿಗೆಲ್ಲ ಗೊತ್ತಿರೋದೇ!”

“ಊರಿಗೆಲ್ಲ ಗೊತ್ತಾ? ಮತ್ತೆ ನೀವೇ ಕಟ್ಕೋಬೋದಿತ್ತಲ್ಲ?”

“ಎರಡು ದಿನ ಕಟ್ಕಂಡೆ ಕಣಮ್ಮ, ನೋವು ಹೋಗ್ಲಿಲ್ಲ. ಅಜ್ಜಿ ಮುಂದೆ ಹೆಸ್ರು ಎತ್ಬೇಡ, ನೊಂದ್ಕತಾರೆ.”

ಅಜ್ಜಿ ಬಂದು ಅವನ ಕೈ ತೊಡೆಯ ಮೇಲಿಟ್ಟುಕೊಂಡಳು. ಹೆಬ್ಬೆರಳಿನಿಂದ ಒತ್ತುತ್ತಾ ಹೋದಳು. “ಇಲ್ಲಿ ನೋಯ್ತದಾ? ಇಲ್ಲಿ?” ಒಂದು ಕಡೆ ಆಫ್ತಾಬ್ “ಅವ್ವಾ!” ಎಂದ. ಅಲ್ಲಿಗೇ ಬಿಸಿ ಸೊಪ್ಪು ಕಟ್ಟಿದಳು.

“ಮೂರು ದಿನ ಉಳಿ ಮುಟ್ಬೇಡ. ಮಗೀಗೆ ಜ್ವರ ಬುಡ್ತಾ? ನೀನು ಉಂಡ್ಯಾ?”

ಒಂದೊಂದಕ್ಕೂ ಉತ್ತರ ಹೇಳುತ್ತಾ ಆಫ್ತಾಬನ ಮುಖ ಸಡಿಲವಾಯಿತು. ಸ್ಪಂದನಾ ಅಜ್ಜಿಯ ಹೆಬ್ಬೆರಳನ್ನೇ ನೋಡುತ್ತಾ ಕೂತಳು.

ಮೇಳದ ದಿನ ಅವಳ ಮಾತು ಅರಳು ಹುರಿದಂತೆ. “ಈ ಎಲೇಲಿ ನೋವು, ಊತ ಕಡಿಮೆ ಮಾಡೋ ಕಾಂಪೌಂಡ್ಸ್ ಇವೆ ಸಾರ್!” ಅನಂತರಾಜು ಮೇಷ್ಟ್ರು ತಲೆದೂಗಿದರು. ಆಮೇಲೆ ಚೀಟಿ ಓದಿದರು. ‘ಹೆಸರು: ರೇವಮ್ಮನ ಸೊಪ್ಪು.’

“ಇದೇನಮ್ಮ? ಇದರ ಸರಿಯಾದ ಹೆಸರು ಹೇಳು, ಮಾರ್ಕ್ಸ್ ಹಾಕ್ತೀನಿ.”

ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. ಮುಂದಿನ ಬೆಂಚಿನಲ್ಲಿ ಅಜ್ಜಿ ಹಬ್ಬದ ಸೀರೆ ಉಟ್ಟುಕೊಂಡು ಕೂತಿದ್ದಳು. ಕಣ್ಣು ಮಿಟುಕಿಸದೆ ಮೊಮ್ಮಗಳನ್ನೇ ನೋಡುತ್ತಿದ್ದಳು.

“ನಮ್ಮನೇಲಿ ಅದನ್ನ ಬಾಯಲ್ಲಿ ಹೇಳಲ್ಲ ಸಾರ್,” ಎಂದಳು ಸ್ಪಂದನಾ ತಲೆಯೆತ್ತಿ. “ಗಿಡ ಬೇಕಾದ್ರೆ ತೋರಿಸ್ತೀನಿ.”

ಪ್ರೈಜ್ ನೇತ್ರಾಳ ಜ್ವಾಲಾಮುಖಿಗೆ ಹೋಯಿತು. ಸ್ಪಂದನಾಳಿಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಬೇಕು!

ಎಲ್ಲರೂ ಹೊರಟಾಗ ಮೇಷ್ಟ್ರು ಅಜ್ಜಿಯ ಹತ್ತಿರ ಬಂದರು. “ರೇವಮ್ಮೋರೆ, ನನ್ನ ಮೊಣಕಾಲು ಒಸಿ ನೋಡ್ಬೇಕಲ್ಲ?”

“ಭಾನ್ವಾರ ಬನ್ನಿ ಮೇಷ್ಟ್ರೆ. ಸೊಪ್ಪು ತರಕ್ಕೆ ನಮ್ಮ ಸ್ಪಂದನಾ ಅವ್ಳೆ.”

ದಾರಿಯಲ್ಲಿ ಸ್ಪಂದನಾ ಅಜ್ಜಿಯ ಹೆಬ್ಬೆರಳು ಹಿಡಿದುಕೊಂಡೇ ನಡೆದಳು. ಸೊಪ್ಪಿನ ಘಾಟು ಇನ್ನೂ ಅಲ್ಲೇ ಇತ್ತು.

“ಅಜ್ಜಿ, ಭಾನ್ವಾರ ಎಲ್ಲಿ ಒತ್ತಿ ನೋಡ್ಬೇಕು ಅಂತ ನಂಗೂ ತೋರ್ಸು,” ಎಂದಳು.