ಚಿತ್ರದಲ್ಲಿಲ್ಲದ ಕನ್ನಡಿ

ಹೆಣ ಗೋಡೆಗೆ ಮುಖ ಮಾಡಿ ಕೂತಿತ್ತು.

ಮೊದಲು ಕಂಡವಳು ತಂಗಿ. ಆಸ್ಪತ್ರೆಯಲ್ಲಿ ನರ್ಸ್. ಎರಡು ಪಾಳಿ ಒಟ್ಟಿಗೆ ಮುಗಿಸಿ ಬೆಳಿಗ್ಗೆ ಏಳಕ್ಕೆ ಮನೆಗೆ ಬಂದಾಗ ಅಣ್ಣನ ಕೋಣೆಯ ಬಾಗಿಲು ತೆರೆದೇ ಇತ್ತು. ಕರೆದಳು. ಭುಜ ಮುಟ್ಟಿದಳು. ಮೈ ತಣ್ಣಗೆ ಕೊರೆಯುತ್ತಿತ್ತು.

ಅಣ್ಣ ಸಿನಿಮಾ ವಿಮರ್ಶಕ. ಊರಿಗೆಲ್ಲ ‘ಕತ್ತರಿ’ ಎಂದೇ ಪರಿಚಿತ. ಇಪ್ಪತ್ತೆರಡು ವರ್ಷ ಒಂದೇ ಪತ್ರಿಕೆಯಲ್ಲಿ ಕೂತು ಎಷ್ಟೋ ಚಿತ್ರಗಳನ್ನು ಒಂದೇ ಏಟಿಗೆ ಕತ್ತರಿಸಿ ಹಾಕಿದವನು.

ಎಂಟೂವರೆಗೆ ಇನ್‌ಸ್ಪೆಕ್ಟರ್ ಬಂದಳು. ಹೊಸ್ತಿಲಲ್ಲೇ ನಿಂತು ಕೋಣೆಯನ್ನು ಒಮ್ಮೆ ನೋಡಿದಳು. ಗೋಡೆ ಗಡಿಯಾರ ಒಂದು ಗಂಟೆ ಮುಂದಿತ್ತು. ಕನ್ನಡಿಯ ಮೇಲೆ ಕಪ್ಪು ಬಟ್ಟೆ ಹೊದಿಸಿತ್ತು. ಮೇಜಿನ ಮೇಲೆ ಅರ್ಧ ಕುಡಿದಿಟ್ಟ ಕಾಫಿ.

“ಮೇಡಂ, ಇದು ಆ ಸಿನಿಮಾ ಥರಾನೇ ಇದೆ,” ಎಂದ ಹಿಂದೆ ನಿಂತಿದ್ದ ದಫೇದಾರ. ದನಿ ತಗ್ಗಿತ್ತು.

ಅವನು ಹೇಳಿದ ಚಿತ್ರ ಬಿಡುಗಡೆಯಾಗಿ ನಾಲ್ಕು ದಿನವಾಗಿತ್ತಷ್ಟೆ. ಅಕ್ಕನ ಸಾವಿಗೆ ಕಾರಣನಾದ ಮೇಷ್ಟ್ರ ಮನೆಗೆ ಕೆಲಸಕ್ಕೆ ಸೇರುವ ಹೆಣ್ಣೊಬ್ಬಳ ಕಥೆ. ಆಕೆ ಅವನ ಕೂದಲನ್ನೂ ಕೊಂಕಿಸುವುದಿಲ್ಲ. ದಿನಕ್ಕೊಂದು ವಸ್ತುವನ್ನು ಅದಲುಬದಲು ಮಾಡುತ್ತಾಳೆ. ಗಡಿಯಾರ ಮುಂದಕ್ಕೆ ಹೋಗುತ್ತದೆ, ಕುರ್ಚಿ ಗೋಡೆಗೆ ತಿರುಗುತ್ತದೆ. ಕೊನೆಗೆ, ತನಗೆ ಹುಚ್ಚು ಹಿಡಿದಿದೆ ಎಂದು ನಂಬಿದ ಮೇಷ್ಟ್ರು ತಾನಾಗಿಯೇ ವಿಷ ಕುಡಿಯುತ್ತಾನೆ.

ಹತ್ತು ವರ್ಷದಲ್ಲಿ ಇಂಥ ದಿಟ್ಟ ಚಿತ್ರ ಬಂದಿಲ್ಲ ಎಂದು ಒಬ್ಬ ವಿಮರ್ಶಕ ಬರೆದ. ಇದು ಕಲೆಯಲ್ಲ, ವಿಷದ ಬಾಟಲಿ ಎಂದು ಇನ್ನೊಬ್ಬ. ಮೂರನೆಯವನು ಅಡ್ಡಗೋಡೆಯ ಮೇಲೆ ದೀಪವಿಟ್ಟ. ಕತ್ತರಿ ಮಾತ್ರ ಚಿತ್ರದ ಚರ್ಮ ಸುಲಿದಿದ್ದ. “ಅವನನ್ನೂ ಗೋಡೆಗೆ ಮುಖ ಮಾಡಿ ಕೂರಿಸ್ತೀನಿ,” ಎಂದು ನಿರ್ದೇಶಕ ತುಂಬಿದ ಸಭೆಯಲ್ಲಿ ಹೇಳಿದ್ದ.

*

ಕಾಫಿಯಲ್ಲಿ ಪ್ರಾಣ ತೆಗೆಯುವಷ್ಟು ನಿದ್ದೆಮಾತ್ರೆ ಬೆರೆತಿತ್ತು. ಅದನ್ನು ಕುಡಿದದ್ದು ಹಿಂದಿನ ಸಂಜೆ ಆರರ ಆಸುಪಾಸು, ಸಾವು ರಾತ್ರಿ. ದಫೇದಾರನ ಅನುಮಾನ ತಂಗಿಯ ಕಡೆಗೆ ವಾಲಿತು. ನರ್ಸ್‌ಗೆ ಮಾತ್ರೆ ಸಿಗುವುದೇನು ಕಷ್ಟ? ಆದರೆ ಆಕೆ ಮಧ್ಯಾಹ್ನದಿಂದ ವಾರ್ಡ್ ಬಿಟ್ಟು ಕದಲಿರಲಿಲ್ಲ. ಡಾಕ್ಟರುಗಳೇ ಸಾಕ್ಷಿ.

ಆದರೂ ಅವಳಲ್ಲಿ ಒಂದು ಗುಟ್ಟಿತ್ತು. ಇನ್‌ಸ್ಪೆಕ್ಟರ್ ಎದುರು ಕೂತು ಅಣ್ಣನ ದಿನಚರಿ ಕೇಳಿದಳು. ಕೊನೆಗೆ ತಂಗಿಯೇ ಬಾಯಿಬಿಟ್ಟಳು.

“ಅಣ್ಣಂಗೆ ಕಣ್ಣು ಹೋಗಿ ನಾಲ್ಕು ವರ್ಷ ಆಯ್ತು. ಬೆಳಕು ಯಾವುದು, ಕತ್ತಲೆ ಯಾವುದು, ಅಷ್ಟೇ ತಿಳೀತಿತ್ತು. ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಮುಚ್ಚಿಟ್ವಿ.”

“ವಿಮರ್ಶೆ ಬರೀತಿದ್ದವರು ಯಾರು?”

“ಅವನ ಶಿಷ್ಯೆ. ಪಕ್ಕದಲ್ಲಿ ಕೂತು ತೆರೆ ಮೇಲಿಂದೆಲ್ಲ ಪಿಸುಗುಟ್ಟಿ ಹೇಳೋಳು. ಬರೆಯೋಳೂ ಅವಳೇ. ಹೆಸರು ಮಾತ್ರ ಇವನದು.”

ಇನ್‌ಸ್ಪೆಕ್ಟರ್ ಮತ್ತೆ ಆ ಕೋಣೆಗೆ ಹೋದಳು. ಮೊಣಕಾಲೂರಿ ನೆಲ ನೋಡಿದಳು. ಕುರ್ಚಿಯ ಕಾಲು ಎಳೆದ ಗೆರೆಗಳು ಆಳವಾಗಿದ್ದವು. ಖಾಲಿ ಕುರ್ಚಿ ಅಷ್ಟು ಗೀರುವುದಿಲ್ಲ. ಕೂತವನ ಭಾರದ ಸಮೇತ ಯಾರೋ ತಿರುಗಿಸಿದ್ದರು.

*

ನಿರ್ದೇಶಕ ಆ ಸಂಜೆ ಐದರಿಂದ ಎಂಟರವರೆಗೆ ಟೀವಿಯ ನೇರ ಚರ್ಚೆಯಲ್ಲಿದ್ದ. ಊರೆಲ್ಲ ನೋಡಿತ್ತು. ಸಭೆಯಲ್ಲಿ ಹಾರಾಡಿದವನು ಈಗ ಬಾಲ ಮುದುರಿದ ನಾಯಿ. ಇನ್‌ಸ್ಪೆಕ್ಟರ್ ಕೋಣೆಯ ಫೋಟೊ ಮುಂದಿಟ್ಟಳು. ಅವನ ಹುಬ್ಬು ಗಂಟಿಕ್ಕಿತು.

“ಕನ್ನಡಿ ಮುಚ್ಚೋ ದೃಶ್ಯ ಚಿತ್ರದಲ್ಲೇ ಇಲ್ವಲ್ಲ ಮೇಡಂ. ಉದ್ದ ಆಯ್ತು ಅಂತ ಬಿಡುಗಡೆಗೆ ಮುಂಚೆ ತೆಗೆದುಹಾಕ್ದೆ.”

“ಅದನ್ನ ನೋಡಿದವರು?”

ಅವನ ತಂಡದವರೆಲ್ಲ ಆ ಸಂಜೆ ಅವನ ಜೊತೆಗೇ ಸ್ಟುಡಿಯೋದಲ್ಲಿದ್ದರು. ಹೊರಗಿನವರೆಂದರೆ, ಮುಂಚಿತ ಪ್ರದರ್ಶನಕ್ಕೆ ಬಂದಿದ್ದ ನಾಲ್ವರು ವಿಮರ್ಶಕರು. ಅವರಲ್ಲಿ ಮೂವರು ಚಿತ್ರೋತ್ಸವಕ್ಕೆಂದು ಪರವೂರಿಗೆ ಹೋಗಿ ಎರಡು ದಿನವಾಗಿತ್ತು. ನಾಲ್ಕನೆಯವನು ಸತ್ತಿದ್ದ. ಅವನ ಪಕ್ಕದ ಸೀಟಿನಲ್ಲಿ ಶಿಷ್ಯೆ ಕೂತಿದ್ದಳು.

*

ಶಿಷ್ಯೆಗೆ ಮೂವತ್ತೈದರ ಹತ್ತಿರ. ಒಂದೇ ಕೋಣೆಯ ಬಾಡಿಗೆ ಮನೆ. ಕಣ್ಣ ಕೆಳಗೆ ಕಪ್ಪು. ಇನ್‌ಸ್ಪೆಕ್ಟರ್ ಎರಡು ಕಾಗದ ಮುಂದಿಟ್ಟಳು. ಒಂದು ಆಕೆ ಪತ್ರಿಕೆಗೆ ಕಳಿಸಿದ್ದ ವಿಮರ್ಶೆ. ಇನ್ನೊಂದು ಅಚ್ಚಾದದ್ದು. ಆಕೆ ಚಿತ್ರವನ್ನು ಮನಸಾರೆ ಮೆಚ್ಚಿದ್ದಳು. ಗುರು ಉಪಸಂಪಾದಕನಿಗೆ ಫೋನ್ ಮಾಡಿ ಎಲ್ಲ ತಲೆಕೆಳಗು ಮಾಡಿಸಿದ್ದ.

ಒಂದು ವಾಕ್ಯ ಮಾತ್ರ ಹಾಗೇ ಉಳಿದಿತ್ತು. ‘ಚಿಲಕದ ಸದ್ದಿಗೆ ಇಂದಿಗೂ ಬೆಚ್ಚಿ ಏಳುವ ಹೆಣ್ಣೊಬ್ಬಳನ್ನು ನಾನು ಬಲ್ಲೆ’ ಎಂದು ಆಕೆ ಬರೆದಿದ್ದಳು. ಅವನು ಮುಂದೆ ಸೇರಿಸಿದ್ದ: ‘ನಾಲ್ಕು ಜನ ಅಯ್ಯೋ ಪಾಪ ಅನ್ನುವ ತನಕ ಆಕೆಗೆ ನಿದ್ದೆ ಬರುವುದಿಲ್ಲ.’

“ಆ ಹೆಣ್ಣು ನೀವೇ ಅಲ್ವಾ?”

ಆಕೆ ತಲೆ ತಗ್ಗಿಸಿದಳು. ಮದುವೆಯಾದ ಮೊದಲ ವರ್ಷವಿಡೀ ಗಂಡ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದ. ಅದನ್ನು ಆಕೆ ಹೇಳಿಕೊಂಡದ್ದು ಗುರುವಿನ ಹತ್ತಿರ ಮಾತ್ರ.

ಇನ್‌ಸ್ಪೆಕ್ಟರ್ ಒಂದೊಂದಾಗಿ ಬಿಡಿಸಿಟ್ಟಳು. ಕಣ್ಣಿಲ್ಲದವನನ್ನು ಗಡಿಯಾರ, ಕನ್ನಡಿಯಿಂದ ಹೆದರಿಸಲಾಗದು. ಕುರ್ಚಿ ತಿರುಗಿದ್ದೂ ಅವನು ಒರಗಿದ ಮೇಲೆ. ಅಂದರೆ ಆ ಆಟವೆಲ್ಲ ಪೊಲೀಸರ ಕಣ್ಣಿಗೆ, ನಿರ್ದೇಶಕನನ್ನು ಸಿಕ್ಕಿಸಲು. ಆದರೆ ಅದು, ಕನ್ನಡಿಯ ದೃಶ್ಯ ಕೈಬಿಟ್ಟದ್ದು ಗೊತ್ತಿಲ್ಲದವರು ಮಾಡಿದ ಆಟ. ಹದಿನೈದು ದಿನದ ಹಿಂದೆ ಡಾಕ್ಟರು ಇವಳಿಗೆ ಬರೆದುಕೊಟ್ಟ ನಿದ್ದೆಮಾತ್ರೆಯೂ ಕಾಫಿಯಲ್ಲಿದ್ದ ಮಾತ್ರೆಯೂ ಒಂದೇ.

“ಬಿಡುಗಡೆ ಆದ್ಮೇಲೆ ನೀವು ಆ ಚಿತ್ರ ನೋಡ್ಲಿಲ್ಲ.”

“ನೋಡೋಕಾಗ್ಲಿಲ್ಲ,” ಎಂದಳು ಆಕೆ. “ಆ ವಾಕ್ಯ ತಪ್ಪಾಯ್ತು ಅಂತ ನಾಲ್ಕು ಸಾಲು ಹಾಕಿಸಿ ಅಂದೆ. ನಕ್ಕರು. ‘ಓದೋರಿಗೆ ಅದೇ ಇಷ್ಟ ಆಗಿದೆ ಕಣೆ’ ಅಂದ್ರು. ಆಮೇಲೆ ಕಾಫಿ ಕೇಳಿದ್ರು.”

ಮಾತ್ರೆ ಮೊದಲೇ ಪುಡಿಯಾಗಿ ಆಕೆಯ ಚೀಲದಲ್ಲಿತ್ತು. ಅದನ್ನೂ ಆಕೆ ಮುಚ್ಚಿಡಲಿಲ್ಲ.

*

ಠಾಣೆಯಲ್ಲಿ ದಫೇದಾರ ಹೇಳಿಕೆ ಬರೆದುಕೊಂಡ. ಆಕೆ ಅದನ್ನು ಪೂರ್ತಿ ಓದಿದಳು. ಪೆನ್ನು ತೆಗೆದುಕೊಂಡು ‘ಸೇಡಿಗಾಗಿ’ ಎಂಬ ಪದದ ಕೆಳಗೆ ಗೆರೆ ಎಳೆದಳು.

“ಇದನ್ನ ತೆಗೀರಿ. ಸೇಡಾಗಿದ್ರೆ ಎಲ್ಲೋ ಒಂದು ಕಡೆ ಹಗುರ ಆಗ್ಬೇಕಿತ್ತು.”

“ಮತ್ತೆ ಏನಂತ ಬರೆಸ್ಲಿ?” ಎಂದಳು ಇನ್‌ಸ್ಪೆಕ್ಟರ್.

ನಾಲ್ಕು ವರ್ಷ ವಾರಕ್ಕೆರಡು ಚಿತ್ರಗಳಿಗೆ ಮಾತು ಹುಡುಕಿಕೊಟ್ಟವಳು ಬಹಳ ಹೊತ್ತು ಆ ಕಾಗದವನ್ನೇ ನೋಡುತ್ತ ಕೂತಳು. ಆಮೇಲೆ, ಇರಲಿ ಬಿಡಿ ಎಂಬಂತೆ ತಲೆಯಾಡಿಸಿ, ಕೆಳಗೆ ತನ್ನ ಹೆಸರು ಬರೆದಳು.