ಭಾವನ ಪಾಲಿನ ಗುಳಿಗೆ

ಮಂಗಳವಾರ ಬೆಳಿಗ್ಗೆ ದರ್ಜಿ ಹೆಂಗಸೊಬ್ಬಳು ಠಾಣೆಗೆ ಬಂದು ದೂರು ಕೊಟ್ಟಳು. ಗಂಡ ಬಸ್ ಚಾಲಕ, ಜಠರದ ಕ್ಯಾನ್ಸರ್. ಗಡ್ಡೆ ಒಳಪದರದಲ್ಲಿ ಇರುವಾಗಲೇ ಕೊಯ್ದು ತೆಗೆದರೆ ಬದುಕುತ್ತಾನೆಂದು ವೈದ್ಯರು ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದರು. ಆತ ಹೋಗಲೇ ಇಲ್ಲ. ಯಾರೋ ಕೊಟ್ಟ ಕಡಲಪಾಚಿಯ ಗುಳಿಗೆ ನುಂಗುತ್ತ ತಿಂಗಳುಗಟ್ಟಲೆ ಮನೆಯಲ್ಲಿ ಕುಳಿತ.

"ಯಾರಮ್ಮ ಕೊಟ್ಟಿದ್ದು?"

"ಬಾಯಿ ಬಿಡ್ತಿಲ್ಲ ಸಾರ್. ಹೇಳಲ್ಲ ಅಂತ ಮಾತು ಕೊಟ್ಟಿದ್ದಾರಂತೆ."

ಮಾತಿಗೆ ತಪ್ಪದ ಮಹಾಪುರುಷ! ಪ್ರಾಣ ಹೋದರೂ ಸರಿ, ಮಾತು ಹೋಗಬಾರದು. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿದರು.

ಮಧ್ಯಾಹ್ನ ಮನೆಯಲ್ಲಿ ಪಂಚನಾಮೆ. ಹೊಲಿಗೆ ಯಂತ್ರದ ಪಕ್ಕದ ಮಂಚದಲ್ಲಿ ಚಾಲಕ ಗೋಡೆಗೆ ಮುಖ ಮಾಡಿ ಮಲಗಿದ್ದ. ದಿಂಬಿನ ಕೆಳಗೆ ಡಬ್ಬಿ ಸಿಕ್ಕಿತು. ದೂರುದಾರಳ ತಮ್ಮನೂ ಅಲ್ಲಿದ್ದ. ಸಂಶೋಧನಾಲಯದಲ್ಲಿ ಕೆಲಸ, ಆ ಮನೆತನದಲ್ಲಿ ಓದಿದವನು ತಾನೊಬ್ಬನೇ ಎಂಬ ಗತ್ತು ಮುಖದ ಮೇಲೆ ಕುಳಿತಿತ್ತು. ಮುಖ್ಯಪೇದೆ ಗುಳಿಗೆ ಎಣಿಸುತ್ತಿದ್ದಂತೆ ಅವನು ರೇಗಿದ.

"ಇಷ್ಟೊಂದು ಉಳಿಸಿದ್ದೀರಲ್ಲ ಭಾವ! ದಿನಾ ಎರಡು ತಗೋಬೇಕಿತ್ತು!"

"ವಾಂತಿ ಆದ ದಿನ ಬಿಟ್ಟೆ ಕಣೋ" ಎಂದ ಚಾಲಕ, ಗೋಡೆಗೇ.

ಮನೆಯವರೆಲ್ಲ ಗುಳಿಗೆ ನುಂಗಿದ್ದಕ್ಕೆ ಶಪಿಸುತ್ತಿದ್ದರೆ ಇವನಿಗೆ ನುಂಗದೆ ಬಿಟ್ಟಿದ್ದಕ್ಕೆ ಸಿಟ್ಟು. ದಿನಕ್ಕೆಷ್ಟು ಎಂದು ಡಬ್ಬಿಯ ಮೇಲೆ ಬರೆದೇ ಇರಲಿಲ್ಲ. ಇನ್ಸ್‌ಪೆಕ್ಟರ್ ಡಬ್ಬಿಗೆ ಮೊಹರು ಹಾಕಿಸಿ ಆಸ್ಪತ್ರೆಗೆ ಹೋದರು.

"ಪಾಚಿ ಕತೆ ಸುಳ್ಳಾ ಡಾಕ್ಟ್ರೇ?"

"ಪೂರ್ತಿ ಸುಳ್ಳಲ್ಲ. ಕಂದು ಪಾಚಿಯ ಲೋಳೇಲಿ ಫ್ಯೂಕೋಯ್ಡನ್ ಅಂತ ಒಂದಿದೆ. ಗಾಜಿನ ತಟ್ಟೇಲಿ ಕ್ಯಾನ್ಸರ್ ಜೀವಕೋಶಗಳ ಮೇಲೆ ಹಾಕಿದ್ರೆ ಸಾಯ್ತವೆ. ಸೋಪಿನ ನೀರು ಹಾಕಿದ್ರೂ ಸಾಯ್ತವೆ. ಮನುಷ್ಯನ ಹೊಟ್ಟೇಲಿ ಏನಾಗುತ್ತೆ ಅನ್ನೋದು ಇನ್ನೂ ಗೊತ್ತಾಗಬೇಕು."

"ಈಗ ಆಪರೇಷನ್?"

"ಲಿವರ್‌ಗೆ ಹಬ್ಬಿದೆ. ಇನ್ನು ಕೊಯ್ದು ಪ್ರಯೋಜನವಿಲ್ಲ."

ಮರುವಾರ ವಿಧಿವಿಜ್ಞಾನ ವರದಿ ಬಂತು: ಗುಳಿಗೆಯಲ್ಲಿ ಬರೀ ಹಿಟ್ಟು, ಪಾಚಿ ಎಳ್ಳಷ್ಟೂ ಇಲ್ಲ. ದಿನಕ್ಕೆರಡು ಎಂದು ಗೊತ್ತಿದ್ದ ತಮ್ಮನನ್ನು ಠಾಣೆಗೆ ಕರೆಸಿದರು. ಅಕ್ಕನೂ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು.

"ಎಷ್ಟು ಜನಕ್ಕೆ ಕೊಟ್ಟೆ?"

"ಹತ್ತು ರೋಗಿಗಳಿಗೆ. ಅರ್ಧ ಜನಕ್ಕೆ ಪಾಚಿ, ಅರ್ಧ ಜನಕ್ಕೆ ಹಿಟ್ಟು. ಹೋಲಿಸದಿದ್ರೆ ಯಾರು ನಂಬ್ತಾರೆ?"

"ಯಾರ ಅನುಮತಿ?"

"ಕೇಳಿದ್ರೆ ಕೊಡ್ತಿರಲಿಲ್ಲ."

"ಭಾವನಿಗೆ ಯಾವುದು?"

"ಚೀಟಿ ಎತ್ತಿದ್ದು. ನನಗೂ ತಿಳೀಬಾರದು. ನಿಯಮ."

ಅನುಮತಿ ಬೇಡ, ರೋಗಿಯ ಒಪ್ಪಿಗೆ ಬೇಡ, ಚೀಟಿಯ ನಿಯಮವೊಂದು ಮಾತ್ರ ದೇವರ ವಾಕ್ಯ. ಥೂ!

"ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ ಸಾರ್. ಇವನಿಗೆ ಒಕ್ಕಾಲಿಗೇ ತಲೆ ತಿರುಗಿದೆ" ಎಂದ ಮುಖ್ಯಪೇದೆ.

ಇನ್ಸ್‌ಪೆಕ್ಟರ್ ವರದಿಯನ್ನು ಮುಂದೆ ತಳ್ಳಿದರು. "ನಿನ್ನ ಭಾವ ನುಂಗಿದ್ದು ಹಿಟ್ಟು. ರೋಗ ಲಿವರ್‌ಗೆ ಹೋಗಿದೆ."

ಅವನ ಮುಖ ಅರಳಿತು. "ಹಾಗಾದ್ರೆ ನನ್ನ ಔಷಧಿ ಸೋತಿಲ್ಲ!"

ಅಕ್ಕ ಬಾಗಿಲಿನಿಂದ ಒಳಗೆ ಬಂದಳು. "ಉಳಿದ ಗುಳಿಗೆ ವಾಪಸ್ ಕೊಡ್ತಾರಾ ಕೇಳು ಅಂತ ಬೆಳಿಗ್ಗೆ ನಿನ್ನ ಭಾವ ಅಂದ್ರು ಕಣೋ. ನಿನ್ನ ಮೇಲೆ ಅಷ್ಟು ನಂಬಿಕೆ ಅವರಿಗೆ."

ಸಂಜೆ ಐದಕ್ಕೆ ಬಂಧನ ದಾಖಲಾಯಿತು. ಉಳಿದ ಒಂಬತ್ತು ಮನೆಗಳಿಗೆ ಪೇದೆಗಳು ಓಡಿದರು. ಇದೆಲ್ಲ ಯಾಕೆ ಎಂದರೆ, ಸಭೆಯೊಂದರಲ್ಲಿ ಅವನ ಗಾಜಿನ ತಟ್ಟೆಯ ಫಲಿತಾಂಶ ನೋಡಿ ಹಿರಿಯ ವಿಜ್ಞಾನಿಯೊಬ್ಬರು ನಕ್ಕಿದ್ದರಂತೆ. ಇನ್ಸ್‌ಪೆಕ್ಟರ್ ಆ ವಿಜ್ಞಾನಿಯ ಹೇಳಿಕೆಯನ್ನೂ ಪಡೆದರು. ನಕ್ಕಿದ್ದು ಅವರಿಗೆ ನೆನಪೇ ಇರಲಿಲ್ಲ.