ಬಂಡೆಯ ಸೀಳಿನೊಳಗಿನ ನಗು

೨೦೦೬ರಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ನಾನು, ಕನಕರಾಜ, ಶಿಲ್ಪಾ ಮೂವರೂ ರಾಣೆಬೆನ್ನೂರಿನಿಂದ ದೇವರಗುಡ್ಡದ ಕಡೆಯ ಕುರುಚಲು ಕಾಡಿಗೆ ಕಪ್ಪೆ, ಓತಿಕ್ಯಾತ ಹುಡುಕಲು ಹೋಗಿದ್ದೆವು. ಕಾಲೇಜಿನ ಗೆಳೆಯರು ನಾವು. ಕನಕರಾಜ ಕೈಯಿಟ್ಟಲ್ಲೆಲ್ಲ ಏನಾದರೊಂದು ಸಿಗುತ್ತಿತ್ತು. ಪ್ರತಿಸಲವೂ ಶಿಲ್ಪಾ ಅವನ ಭುಜಕ್ಕೆ ಭುಜ ತಾಗಿಸಿ ಬಗ್ಗಿ ನೋಡುತ್ತಿದ್ದಳು. ನನ್ನ ಹೊಟ್ಟೆಗೆ ಕಿಚ್ಚು ಬಿದ್ದಂತಾಗುತ್ತಿತ್ತು. ಮಧ್ಯಾಹ್ನ ನಾನೊಬ್ಬನೇ ಬಂಡೆಗಳ ಕಡೆ ಹೋದೆ.

ಸ್ವಲ್ಪ ಹೊತ್ತಿಗೆ ಬಂಡೆಯ ಆಚೆಯಿಂದ ಕನಕರಾಜನ ದನಿ ಕೇಳಿಸಿತು. "ಇಲ್ಲೈತಿ, ಲಗೂ ಬಾ." ಹಿಂದೆಯೇ ಶಿಲ್ಪಾಳ ನಗು. ಸಿಟ್ಟಿನಿಂದ ಬಂಡೆಯನ್ನು ಸುತ್ತಿ ಆಚೆಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ನಗು ಈಗ ಬಂಡೆಯೊಳಗಿನಿಂದ, ಅಂಗೈ ತೂರುವಷ್ಟೇ ಅಗಲದ ಒಂದು ಸೀಳಿನಿಂದ ಬರುತ್ತಿತ್ತು. ಕಲ್ಲು ಕಾದು ಸುಡುತ್ತಿದ್ದರೂ ಸೀಳಿನಿಂದ ಥಂಡಿ ಗಾಳಿ ಬೀಸುತ್ತಿತ್ತು. ಪಕ್ಕದಲ್ಲಿದ್ದ ಓತಿಕ್ಯಾತ ನಾನು ಹತ್ತಿರ ಹೋದರೂ ಓಡಲಿಲ್ಲ. ಅದೂ ಸೀಳನ್ನೇ ನೋಡುತ್ತಿತ್ತು. ತಿರುಗಿದರೆ, ದೂರದ ಕೆರೆಯ ಏರಿಯ ಮೇಲೆ ಅವರಿಬ್ಬರೂ ನಿಂತಿದ್ದರು.

ಓಡುತ್ತ ಅವರ ಬಳಿ ಬಂದೆ. ಶಿಲ್ಪಾ ಮುಖ ಗಂಟು ಹಾಕಿಕೊಂಡಿದ್ದಳು.

"ಕರೀಬೇಕಂದ್ವಿ. ಆದ್ರ ನೀ ಆಕಿ ಕೂಡ ಭಾಳ ಖುಷಿಲೇ ಮಾತಾಡಾಕತ್ತಿದ್ದಿ," ಅಂದಳು.

"ಯಾರ ಕೂಡ?"

"ನಿನ್ನ ಬಾಜೂಕ ಕುಂತಿದ್ಲಲ್ಲ, ಹಸಿರು ಸೀರಿಯಾಕಿ. ಯಾರಾಕಿ?"

"ನಾನೂ ನೋಡೇನಿ," ಎಂದ ಕನಕರಾಜ.

ಬೆಳಗಿನಿಂದ ನನ್ನನ್ನು ಸುಡುತ್ತಿದ್ದ ಹೊಟ್ಟೆಕಿಚ್ಚು ಈಗ ಶಿಲ್ಪಾಳ ದನಿಯಲ್ಲಿತ್ತು. ಅಲ್ಲಿ ಯಾರೂ ಇರಲಿಲ್ಲವೆನ್ನಲು ನನಗೆ ಮನಸ್ಸಾಗಲಿಲ್ಲ.

ಶಿಲ್ಪಾ ಈಗ ನನ್ನ ಹೆಂಡತಿ. ಆ ಹಸಿರು ಸೀರೆಯಾಕೆ ಯಾರೆಂದು ಇಂದಿಗೂ ಕೇಳುತ್ತಾಳೆ.